ಸೆಖೆಯ ಪಾಲುಪಟ್ಟಿ

ಮಡಿಕೇರಿಯಲ್ಲಿ ಸೆಖೆ ಎಷ್ಟಿದೆ ಎಂದು ಯಾರಾದರೂ ಕೇಳಿದರೆ, ಕೇಳುತ್ತಿರುವವರು ಯಾರೆಂದು ಮೊದಲು ವಿಚಾರಿಸಿಕೊಳ್ಳುವುದು ನಮ್ಮ ಊರಿನ ಪದ್ಧತಿ. ಕೋಣೆ ಕಾಯ್ದಿರಿಸಲು ಬೆಂಗಳೂರಿನಿಂದ ಫೋನ್ ಮಾಡಿದವರಿಗೆ 22 ಡಿಗ್ರಿ. ಅವರೇ ಬಂದಿಳಿದು ಬೆವರು ಒರೆಸಿಕೊಳ್ಳುವಾಗ, ಎ.ಸಿ. ಕೋಣೆಯ ಹೆಚ್ಚುವರಿ ದರಕ್ಕೆ ಸಮರ್ಥನೆಯಾಗಿ, 32. ಅಜ್ಜಂದಿರು ಕಟ್ಟಿದ ಮನೆಯ ಮಾಡಿನಲ್ಲಿ ಫ್ಯಾನ್ ತೂಗುಹಾಕಲು ಒಂದು ಕೊಕ್ಕೆಯೂ ಇಲ್ಲವೆಂಬುದನ್ನು ಮಾತ್ರ ಎರಡು ಸಲವೂ ಹೆಮ್ಮೆಯಿಂದ ಹೇಳುತ್ತೇವೆ.

ಈ ಗೊಂದಲದ ನಿವಾರಣೆಗೆಂದು ಕರೆದಿದ್ದ ಸಭೆಯೊಂದರಲ್ಲಿ ನಾನೂ ಕೂತಿದ್ದೆ. ಪಟ್ಟಣದ ಬೇಸಿಗೆ ಏರಿದ್ದರಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದು ವಿಷಯ. ಉಪನ್ಯಾಸಕ್ಕೆ ಬಂದಿದ್ದ ತರುಣಿ ಸಾವಧಾನವಾಗಿ ವಿವರಿಸಿದರು: ಕಂಪ್ಯೂಟರಿನೊಳಗೆ ಎರಡು ಲೋಕಗಳನ್ನು ಸೃಷ್ಟಿಸುತ್ತಾರೆ, ಒಂದು ಇಂದಿನಷ್ಟೇ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡದ್ದು, ಇನ್ನೊಂದು ಕಾರ್ಖಾನೆಗಳ ಹೊಗೆಯೇ ಏಳದಿದ್ದದ್ದು, ಒಂದೇ ಬಗೆಯ ಬಿಸಿ ದಿನ ಎರಡರಲ್ಲಿ ಎಷ್ಟೆಷ್ಟು ಸಲ ಬರುತ್ತದೆಂದು ಹೋಲಿಸಿದರೆ ಪಾಲು ತಿಳಿಯುತ್ತದೆ. ಹವಾಮಾನದಲ್ಲಿ ಮನುಷ್ಯನ ಬೆರಳಚ್ಚು ಹುಡುಕುವ ದಾರಿ ತೋರಿಸಿದ ಕ್ಲಾಸ್ ಹಾಸೆಲ್‌ಮನ್ 2021ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರೆಂದೂ ಹೇಳಿದರು. ಮುಂದಿನ ಸಾಲಿನಿಂದ ಬಂದ ಏಕೈಕ ಪ್ರಶ್ನೆ, ಆ ಎರಡನೆಯ ಲೋಕದಲ್ಲಿ ರಾಜಾಸೀಟ್ ಪಕ್ಕದ ಜಾಗಕ್ಕೆ ಸೆಂಟಿಗೆಷ್ಟು ಎಂಬುದಾಗಿತ್ತು.

ಕಾಂಕ್ರೀಟು, ಡಾಂಬರು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತವೆ, ಆದ್ದರಿಂದ ಪೇಟೆಯ ರಾತ್ರಿ ತೋಟದ ರಾತ್ರಿಯಷ್ಟು ತಣಿಯುವುದಿಲ್ಲ ಎಂದು ಅವರು ಹೇಳಿ ಮುಗಿಸುವ ಮೊದಲೇ, ಗುಡ್ಡ ಕಡಿದು ನಾಲ್ಕು ಅಂತಸ್ತು ಏರಿಸಿದ ಮಹನೀಯರೊಬ್ಬರು ಎದ್ದು, ಇದು ಜಾಗತಿಕ ಸಮಸ್ಯೆ, ಮೊದಲು ಅಮೆರಿಕ, ಚೀನಾ ತಿದ್ದಿಕೊಳ್ಳಲಿ ಎಂದು ಗದ್ಗದಿತರಾದರು. ಭೂತಾಪದ ಮೇಲೆ ಇಷ್ಟು ಅಚಲವಾದ ನಂಬಿಕೆಯನ್ನು ನಾನು ಯಾವ ವಿಜ್ಞಾನಿಯಲ್ಲೂ ಕಂಡಿಲ್ಲ. ಕಾಡುಮರ ಕಡಿದು ಸಿಲ್ವರ್ ಓಕ್ ನೆಟ್ಟ ಕಾಫಿ ಬೆಳೆಗಾರರೂ, ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟದ್ದಕ್ಕೆ ಪೆಸಿಫಿಕ್ ಸಾಗರವನ್ನೇ ಹೊಣೆ ಮಾಡಿ ತಲೆಯಾಡಿಸಿದರು.

ಹವಾಮಾನ ಇಲಾಖೆಯ ಪ್ರಕಾರ ಬಯಲಿನಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಮಾತು. ಗುಡ್ಡಗಾಡಿಗೆ 30 ಸಾಕು. ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇದನ್ನು ಕೇಳಿದೊಡನೆ, ಮಡಿಕೇರಿಯನ್ನು ಜಾಹೀರಾತಿನ ಮಟ್ಟಿಗೆ ಗುಡ್ಡವೆಂದೂ ಬಿಸಿಗಾಳಿಯ ಮಟ್ಟಿಗೆ ಬಯಲೆಂದೂ ಪರಿಗಣಿಸತಕ್ಕದ್ದೆಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ವಾಡಿಕೆಯೆಂದರೆ 30 ವರ್ಷಗಳ ಸರಾಸರಿ, ಈಗಿನದು 1991ರಿಂದ 2020ರವರೆಗಿನದು, ಹತ್ತು ವರ್ಷಕ್ಕೊಮ್ಮೆ ಅದು ಮುಂದೆ ಸರಿಯುತ್ತದೆ ಎಂದು ತಿಳಿದಾಗಲಂತೂ ಸಭೆಗೆ ನೆಮ್ಮದಿಯೇ ನೆಮ್ಮದಿ: ಸೆಖೆ ಇಳಿಯದಿದ್ದರೇನು, ವಾಡಿಕೆಯೇ ಏರಿ ಬಂದು ಅದನ್ನು ಕೂಡಿಕೊಳ್ಳುತ್ತದಲ್ಲ.

ಕೊನೆಗೆ, ಕಾರಿನ ಡ್ಯಾಶ್‌ಬೋರ್ಡನ್ನು ನಂಬುವುದು ಬಿಟ್ಟು ಸರಿಯಾದ ತಾಪಮಾಪಕವೊಂದನ್ನು ಇಡುವುದೆಂದಾಯಿತು. ಸ್ಟೀವನ್‌ಸನ್ ಪರದೆ ಎಂದು ಕರೆಯುವ, ಓರೆಪಟ್ಟಿಗಳ ಗೋಡೆಯ ಆ ಬಿಳಿ ಪೆಟ್ಟಿಗೆಯೊಳಗೆ ಮಾಪಕವು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿರಬೇಕು. ಪೆಟ್ಟಿಗೆ ಕಟ್ಟಡಗಳಿಂದ ದೂರ, ಹುಲ್ಲುನೆಲದ ಮೇಲೆ ನಿಲ್ಲಬೇಕು. ಪೇಟೆಯೆಲ್ಲ ಸುತ್ತಿದ ಮೇಲೆ ಅಂಥದೊಂದು ತುಂಡು ಸಿಕ್ಕಿತು. ಆದರೆ ಅಲ್ಲಿ ಪಾರ್ಕಿಂಗಿಗೆಂದು ಆಗಲೇ ಇಂಟರ್‌ಲಾಕ್ ಹಾಸುತ್ತಿದ್ದರು. ಮೇಸ್ತ್ರಿ ನಮ್ಮ ಮುಖಗಳನ್ನು ನೋಡಿ, ಚಿಂತೆ ಬೇಡ ಸ್ವಾಮಿ, ಹಸಿರು ಬಣ್ಣದ್ದೇ ಹಾಕುತ್ತೇನೆ ಎಂದ.