ಗುಜರಿಗೆ ಹಾಕುವ ಮೊದಲು ಒಮ್ಮೆ ಓದಿ ನೋಡಿ

ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಹಳೇ ಮನೆಯ ಹೆಂಚು ಬದಲಿಸುವಾಗ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಯಿತು. ಅಜ್ಜ ಈ ಮನೆ ಕಟ್ಟಿಸುವಾಗ ಮರದ ಕೆಲಸದ ಆಚಾರಿಗಳು ತಿಂಗಳುಗಟ್ಟಲೆ ಇಲ್ಲೇ ಉಳಿದು ಕೆಲಸ ಮಾಡಿದ್ದರಂತೆ. ಅವರು ಹೋದರು, ಸಾಮಾನು ಉಳಿಯಿತು. ನಾಲ್ಕು ಉಳಿ, ಮರ ಕೆತ್ತುವ ಒಂದು ಬಾಚಿ, ಹಲಗೆ ನುಣುಪು ಮಾಡುವ ಒಂದು ಕಬ್ಬಿಣದ ಕೀಸುಳಿ, ಇನ್ನೊಂದು ಮರದ ದೊಡ್ಡ ಕೀಸುಳಿ, ಮತ್ತೆ ಒಂದು ಕೋಲು.

ಭಾವ ನೋಡಿದವರೇ, "ಇದು ಟಿಪ್ಪು ಕಾಲದ್ದು ಮಾರಾಯ, ಲಕ್ಷ ಬರ್ತದೆ" ಅಂದರು. ಗುಜರಿಯವನು ಕಿಲೋ ಲೆಕ್ಕ ಹೇಳಿದ. ನಂಗೆ ಇಬ್ಬರ ಮೇಲೂ ಸಿಟ್ಟು ಬಂತು. ಇಬ್ಬರೂ ಸಾಮಾನನ್ನು ಕೈಗೆತ್ತಿಕೊಂಡು ನೋಡಲೇ ಇಲ್ಲ.

ನಾನೇನೂ ಸಾಚಾ ಅಲ್ಲ. ಮೊದಲು ಕೈಗೆ ಸಿಕ್ಕಿದ ಉಳಿಯನ್ನು ಗ್ರೈಂಡರಿನ ತಂತಿ ಬ್ರಷ್ಷಿಗೆ ಹಿಡಿದೆ. ಎರಡೇ ನಿಮಿಷ, ಕನ್ನಡಿಯ ಹಾಗೆ ಹೊಳೆಯಿತು. ಆಮೇಲೆ ನೋಡಿದರೆ ಹಿಡಿಯ ಹತ್ತಿರ ಏನೋ ಅಕ್ಷರ ಇದ್ದ ಜಾಗ ನುಣ್ಣಗಾಗಿತ್ತು. ಒಂದು 'ಎಲ್' ಮಾತ್ರ ಉಳಿದಿದೆ. ಆ ಉಳಿ ಯಾರದ್ದು, ಎಲ್ಲಿಯದ್ದು ಅಂತ ಇನ್ನು ಯಾವ ಜನ್ಮಕ್ಕೂ ಗೊತ್ತಾಗುವುದಿಲ್ಲ.

ಉಳಿದ ಮೂರು ಉಳಿಗಳ ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು. ಸೀಮೆಎಣ್ಣೆ ಸವರಿ ಒಂದು ರಾತ್ರಿ ಇಟ್ಟೆ, ಬೆಳಿಗ್ಗೆ ಹಳೇ ಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಮಸುಕಾದ ಅಕ್ಷರವೂ ನೆರಳು ಬಿಟ್ಟು ಏಳುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಸಾಕು, ನಾವು ಚಿಕ್ಕಂದಿನಲ್ಲಿ ನಾಣ್ಯಕ್ಕೆ ಮಾಡುತ್ತಿದ್ದೆವಲ್ಲ, ಹಾಗೆ. ಒಂದರಲ್ಲಿ 'ಕಾಸ್ಟ್ ಸ್ಟೀಲ್', ಕೆಳಗೆ 'ಶೆಫೀಲ್ಡ್'. ಇದು ಬೀಡು ಕಬ್ಬಿಣ ಅಲ್ಲ. ಮೂಸೆಯಲ್ಲಿ ಕರಗಿಸಿ ಎರಕ ಹೊಯ್ದ ಉಕ್ಕು. ಬೆಂಜಮಿನ್ ಹಂಟ್ಸ್‌ಮನ್ ಅನ್ನುವವನು 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಅದನ್ನು ಹದಕ್ಕೆ ತಂದದ್ದು. 'ಕಾಸ್ಟ್ ಸ್ಟೀಲ್' ಅನ್ನುವ ಮಾತನ್ನು ಮುಂದೆ ನೂರೈವತ್ತು ವರ್ಷಕ್ಕೂ ಜಾಸ್ತಿ ಕಾಲ ಉಳಿಗಳ ಮೇಲೆ ಒತ್ತುತ್ತಿದ್ದರು.

ಕಬ್ಬಿಣದ ಕೀಸುಳಿ ಇನ್ನೂ ಮಜಾ. ಮೈಮೇಲೆ 'ಬೈಲಿ', 'ನಂಬರ್ 5'. ಅಂದರೆ ಅಮೆರಿಕದ ಸ್ಟಾನ್ಲಿ ಕಂಪೆನಿಯದ್ದು. ಬ್ಲೇಡ್ ಕೂರುವ ಓರೆ ತುಂಡಿಗೆ ಇಂಗ್ಲಿಷಿನಲ್ಲಿ ಫ್ರಾಗ್ ಅಂತಾರೆ, ಕಪ್ಪೆ! ಅದರ ಹಿಂದಿನ ಮಣ್ಣು ಗೀರಿ ತೆಗೆದಾಗ ಮೂರು ಪೇಟೆಂಟ್ ತಾರೀಕು ಕಂಡವು. ಎರಡು 1902ರದ್ದು, ಒಂದು 1910ರ ಏಪ್ರಿಲ್ 19. ಪೇಟೆಂಟ್ ತಾರೀಕು ಅಂದರೆ ತಯಾರಾದ ದಿನ ಅಲ್ಲ, ಅದಕ್ಕಿಂತ ಮೊದಲಿನದ್ದಲ್ಲ ಅಂತ ಮಾತ್ರ ಅರ್ಥ. ಈ ಮೂರೂ ಒಟ್ಟಿಗೆ ಇರುವುದು ಹೆಚ್ಚುಕಡಿಮೆ 1910ರಿಂದ 1918ರ ಒಳಗಿನವುಗಳಲ್ಲಿ. ಟಿಪ್ಪು ತೀರಿಹೋಗಿ ನೂರು ವರ್ಷ ಆದಮೇಲಿನ ಮಾತು, ಭಾವಾ.

ಬ್ಲೇಡ್ ನೋಡಿದರೆ ಬೇರೆ ಕತೆ. ಅದರ ಮೇಲೆ ಸಣ್ಣ ಹೃದಯದ ಗುರುತು. ಅದು 1920ರ ನಂತರದ್ದು, ಕಂಪೆನಿಯ ಅಧ್ಯಕ್ಷರಾಗಿದ್ದ ಹಾರ್ಟ್ ಅವರ ಹೆಸರಿಗೆ ಗೌರವವಾಗಿ ಹಾಕಿದ್ದು. ಹಾಗಾದರೆ ಮೊದಲ ಬ್ಲೇಡ್ ಮಸೆದು ಮಸೆದು ತೀರಿತ್ತು. ಅಷ್ಟು ದುಡಿದಿದೆ ಈ ಕೀಸುಳಿ. ಬ್ಲೇಡ್ ಒಂದನ್ನೇ ನೋಡಿ ವಯಸ್ಸು ಹೇಳಿದ್ದರೆ ತಪ್ಪುತ್ತಿತ್ತು. ಮತ್ತೆ ಲಕ್ಷ ಏನೂ ಬರುವುದಿಲ್ಲ. ನಂಬರ್ 5 ಲೆಕ್ಕವಿಲ್ಲದಷ್ಟು ತಯಾರಾಗಿದೆ.

ಇಷ್ಟೆಲ್ಲ ಮನೆಯಲ್ಲೇ ಕೂತು ತಿಳಿದುಕೊಂಡೆ. ಸಾವಿರಾರು ಮೈಲಿ ದೂರದ ಕಾರ್ಖಾನೆ ಯಾವ ವರ್ಷ ಯಾವ ಅಕ್ಷರ ಒತ್ತಿತು ಅಂತ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ. ಆದರೆ ಬಾಚಿ? ಅದರಲ್ಲಿ ಹೆಸರಿಲ್ಲ. ಬಾಯಿಯ ಹತ್ತಿರ ಕೂದಲೆಳೆಯಂಥ ಒಂದು ಗೆರೆ ಇದೆ, ಮೆದು ಕಬ್ಬಿಣಕ್ಕೆ ಉಕ್ಕು ಬೆಸೆದ ಜಾಗ. ಮಾಡಿದವನು ಇಲ್ಲೇ ಎಲ್ಲೋ ನಾಲ್ಕು ಮೈಲಿ ಒಳಗಿನ ಕುಲುಮೆಯವನು. ಅವನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿ.

ಪೇಟೆಯ ಆಚೆ ಇರುವ ಹಳೇ ಆಚಾರಿಯವರಲ್ಲಿಗೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಕೋಲನ್ನು ನಾನು ದನ ಅಟ್ಟುವುದಕ್ಕೆ ಅಂದುಕೊಂಡಿದ್ದೆ. ಅವರು ನಕ್ಕರು. ಅದು ಮೊಳಕೋಲು, ಮಲಯಾಳದಲ್ಲಿ ಮುಳಕ್ಕೋಲ್. ಟೇಪ್ ಹಿಡಿದೆ, 72 ಸೆಂಟಿಮೀಟರ್. ಗೀಟು ಎಣಿಸಿದರೆ 24 ಅಂಗುಲ, ಒಂದೊಂದೂ 3 ಸೆಂಟಿಮೀಟರ್. ನಮ್ಮ ಚಾವಡಿಯ ಕಂಬ ಇಂಚಿನಲ್ಲಿ ಯಾಕೆ ಸರಿಯಾಗಿ ಕೂರುವುದಿಲ್ಲ ಅಂತ ಆಗ ತಿಳಿಯಿತು.

ಮರದ ಕೀಸುಳಿಯ ಮೂತಿಯಲ್ಲಿ ಅಡ್ಡಕ್ಕೆ ಒಂದು ತೂತಿದೆ. ಹುಳ ಕೊರೆದದ್ದಲ್ಲ, ಒಳಗೆ ನುಣುಪಾಗಿದೆ. ಏನಕ್ಕೆ ಅಂತ ಕೇಳಿದೆ.

"ಅದಕ್ಕೆ ಗೂಟ ಹಾಕುದು. ಹಿಂದೆ ಆಚಾರಿ ಒತ್ತುದು, ಎದುರು ಒಬ್ಬ ಹುಡುಗ ಎಳೆಯುದು. ಹಲಸಿನ ಹಲಗೆ ಅಗಲ ಇದ್ರೆ ಒಬ್ಬನಿಂದ ಆಗ್ಲಿಕ್ಕಿಲ್ಲ."

"ನೀವೂ ಎಳೆದಿದ್ದೀರಾ?"

ಅವರು ಏನೂ ಹೇಳಲಿಲ್ಲ. ಮೂಲೆಯಿಂದ ಒಂದು ಗೂಟ ಹುಡುಕಿ ತಂದು ತೂತಿಗೆ ತೂರಿಸಿದರು. ಸರಿಯಾಗಿ ಕೂತಿತು. "ಬನ್ನಿ, ಎದುರು ನಿಲ್ಲಿ" ಅಂದರು.