ಕುಂಟು ಮೇಜು, ಬೊಜ್ಜು ದಿಂಬು

ಗೊಂಬೆಮನೆಗೆ ಸಾಮಾನು ಮಾಡುವುದು ಮೇಲ್ನೋಟಕ್ಕೆ ಮಗ್ಗಿ ಬಂದರೆ ಸಾಕೆನ್ನುವ ಕೆಲಸ. ಒಂದು ಅಡಿಗೆ ಒಂದು ಇಂಚು, ಮುಗಿಯಿತು. ನಿಜವಾದ ಊಟದ ಮೇಜು 30 ಇಂಚು ಎತ್ತರವಿದ್ದರೆ ಇಲ್ಲಿ ಎರಡೂವರೆ ಇಂಚು, ಅಂದರೆ 63 ಮಿಲಿಮೀಟರಿನ ಆಸುಪಾಸು. ಕುರ್ಚಿಯ ಸೀಟು 18 ಇಂಚಿನ ಬದಲು ಒಂದೂವರೆ ಇಂಚು. ಆರಡಿ ಮಂಚಕ್ಕೆ ಆರು ಇಂಚು. ಇಷ್ಟು ಲೆಕ್ಕ ಬಾಯಿಗೆ ಬಂದ ಕೂಡಲೇ ಎಲ್ಲರೂ ತಾವು ಬಡಗಿಗಳಾದೆವೆಂದು ಗರಗಸ ಹಿಡಿಯುತ್ತಾರೆ. ಲೆಕ್ಕದ ಇನ್ನೊಂದು ಮಗ್ಗುಲು ಕಾಣುವುದು ಮೊದಲ ಮೇಜು ನಿಂತಾಗ, ಅಥವಾ ನಿಲ್ಲದೇ ಹೋದಾಗ. ಸಾಮಾನು 12 ಪಟ್ಟು ಕುಗ್ಗಿದರೆ ತಪ್ಪು 12 ಪಟ್ಟು ಹಿಗ್ಗುತ್ತದೆ. ನಮಗೆ ಒಂದು ಮಿಲಿಮೀಟರ್ ಆಚೀಚೆ ಆಗಿದ್ದು ಆ ಮನೆಯವರ ಪಾಲಿಗೆ ಹತ್ತಿರಹತ್ತಿರ ಅರ್ಧ ಇಂಚು. ಮೇಜಿನ ಒಂದು ಕಾಲು ಅರ್ಧ ಇಂಚು ಗಿಡ್ಡವಾದರೆ ನೀರಿನ ಲೋಟ ಯಾರ ಮಡಿಲಿಗೆ ಜಾರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಾಲು ಗಿಡ್ಡವಾಗುವುದು ಕೈ ನಡುಗಿದ್ದರಿಂದಲ್ಲ, ಗರಗಸದ ಹೊಟ್ಟೆಬಾಕತನದಿಂದ. 240 ಮಿಲಿಮೀಟರಿನ ಕಡ್ಡಿಯೊಂದನ್ನು ತಗೊಂಡು, 60ಕ್ಕೊಂದರಂತೆ ಮೂರು ಗೆರೆ ಎಳೆದು, ಗೆರೆಯ ಮೇಲೇ ಕೊಯ್ದರೆ ನಾಲ್ಕು ಸಮ ಕಾಲು ಸಿಗಬೇಕಲ್ಲ? ಸಿಗುವುದಿಲ್ಲ. ಪ್ರತಿ ಕೊಯ್ತದಲ್ಲೂ ಗರಗಸದ ಹಲ್ಲು ಅರ್ಧದಿಂದ ಒಂದು ಮಿಲಿಮೀಟರ್ ಮರವನ್ನು ಪುಡಿ ಮಾಡಿ ನುಂಗುತ್ತದೆ. ತುದಿಯ ಎರಡು ತುಂಡುಗಳು ಒಂದೇ ಕಡೆ ಹಲ್ಲಿಗೆ ಸಿಗುತ್ತವೆ, ನಡುವಿನ ಎರಡು ಇಬ್ಬದಿಯಲ್ಲೂ. ಹೀಗೆ ಎರಡು ಉದ್ದ, ಎರಡು ಗಿಡ್ಡ.

ಆಮೇಲೆ ಶುರುವಾಗುವುದು ಬೆಕ್ಕುಗಳಿಗೆ ಕೋತಿ ಬೆಣ್ಣೆ ಹಂಚಿದ ಕಥೆ. ಉದ್ದವಾದ ಕಾಲನ್ನು ಒಂಚೂರು ಕತ್ತರಿಸಿದರೆ ಪಕ್ಕದ್ದು ಉದ್ದವಾಗುತ್ತದೆ. ಅದನ್ನೂ ಕತ್ತರಿಸಿದರೆ ಎದುರಿನದು. ಊಟದ ಮೇಜು ಟೀಪಾಯಿಯಾಗಿ, ಟೀಪಾಯಿ ಮಣೆಯಾಗಿ, ಕೊನೆಗೆ ಕಾಲಿಲ್ಲದ ತಟ್ಟೆಯಾದಾಗ ಮಾತ್ರ ಅಲ್ಲಾಡುವುದು ನಿಲ್ಲುತ್ತದೆ. ಇದನ್ನು ತಪ್ಪಿಸಲು ಅಳೆಯುವುದನ್ನೇ ಬಿಡಬೇಕು. ಗರಗಸ ಓಡಿಸುವ ಜಾಗದಿಂದ ಸರಿಯಾಗಿ 60 ಮಿಲಿಮೀಟರ್ ದೂರಕ್ಕೆ ಒಂದು ಮರದ ತುಂಡನ್ನು ಗಟ್ಟಿಯಾಗಿ ಅಂಟಿಸಿ, ಕಡ್ಡಿಯ ತುದಿಯನ್ನು ಅದಕ್ಕೆ ತಾಗಿಸಿ ಕೊಯ್ಯಿರಿ. ಮತ್ತೆ ತಾಗಿಸಿ, ಮತ್ತೆ ಕೊಯ್ಯಿರಿ. ನಾಲ್ಕೂ ಅವಳಿಜವಳಿಗಳಾಗಿ ಹುಟ್ಟುತ್ತವೆ. ಅದಕ್ಕಾಗಿ ಕಡ್ಡಿ 240ಕ್ಕಿಂತ ನಾಲ್ಕಾರು ಮಿಲಿಮೀಟರ್ ಉದ್ದವಿರಲಿ. ಜೋಡಿಸಿದ ಮೇಲೂ ಮೇಜು ಕುಂಟಿದರೆ ಗಾಜಿನ ಹಲಗೆಯ ಮೇಲೆ 220ನೇ ನಂಬರಿನ ಉಪ್ಪುಕಾಗದ ಅಂಟಿಸಿ, ಅದರ ಮೇಲೆ ಮೇಜನ್ನು ನಿಲ್ಲಿಸಿ, ಎಂಟರ ಆಕಾರದಲ್ಲಿ ಹಗುರವಾಗಿ ತಿರುಗಿಸಿ. ಉದ್ದವಿರುವ ಕಾಲು ತಾನಾಗಿಯೇ ಸವೆಯುತ್ತದೆ. ಯಾವುದು ಉದ್ದ ಎಂಬ ಪಂಚಾಯಿತಿಯೇ ಬೇಡ.

ಮರದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡು ಮಿಲಿಮೀಟರ್ ದಪ್ಪದ ಐಸ್‌ಕ್ರೀಮ್ ಕಡ್ಡಿ ಆ ಮನೆಯಲ್ಲಿ ಸುಮಾರು ಒಂದು ಇಂಚಿನ ಹಲಗೆ, ಮೂರು ಮಿಲಿಮೀಟರಿನ ಬಿದಿರುಕಡ್ಡಿ ಒಳ್ಳೇ ಕುರ್ಚಿಗಾಲು. ಬಾಲ್ಸಾ ಮರವನ್ನು ಬ್ಲೇಡಿನಲ್ಲೇ ಕತ್ತರಿಸಬಹುದೆಂದು ಎಲ್ಲರೂ ಹೊಗಳುತ್ತಾರೆ. ಅದು ಉಗುರು ತಾಗಿದರೂ ತಗ್ಗು ಬೀಳುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಆದರೆ ಗೋಂದಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಲೇಬೇಕು. ಮೊದಲು ಜೋಡಿಸಿ ಆಮೇಲೆ ಮರದ ಬಣ್ಣ ಹಚ್ಚೋಣ ಅನ್ನುವುದು ಎಲ್ಲರಿಗೂ ಸಹಜವಾಗಿ ತೋಚುವ ದಾರಿ. ಆದ್ದರಿಂದಲೇ ಅದು ತಪ್ಪು. ಬೆರಳಲ್ಲಿ ಒರೆಸಿದ ಬಿಳಿ ಗೋಂದು ಮರದ ರಂಧ್ರಗಳಲ್ಲಿ ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ಬಣ್ಣ ಹಚ್ಚಿದಾಗ ಆ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ. ಚಂದದ ಕಂದು ಕುರ್ಚಿಯ ಬೆನ್ನ ಮೇಲೆ ನಿಮ್ಮ ಹೆಬ್ಬೆಟ್ಟಿನ ಗುರುತು ಬೆಳ್ಳಗೆ ಎದ್ದು ಕಾಣುತ್ತದೆ, ಪೊಲೀಸರಿಗೆ ಕೊಟ್ಟ ಸಾಕ್ಷಿಯ ಹಾಗೆ. ಹಾಗಾಗಿ ಮೊದಲು ಉಪ್ಪುಕಾಗದ, ನಂತರ ಬಣ್ಣ, ಒಣಗಿದ ಮೇಲೆ ಗೋಂದು.

ಅವಸರದವರು ಸೂಪರ್ ಗ್ಲೂ ಹಿಡಿಯುತ್ತಾರೆ. ಅದು ಸೆಕೆಂಡುಗಳಲ್ಲಿ ಹಿಡಿದುಕೊಳ್ಳುತ್ತದೆ ಎನ್ನುವುದು ನಿಜ. ಏನನ್ನು ಹಿಡಿದುಕೊಳ್ಳುತ್ತದೆ ಎನ್ನುವುದು ಮಾತ್ರ ಅದರ ಇಚ್ಛೆ. ತೋರುಬೆರಳಿಗೆ ಕುರ್ಚಿ ಧರಿಸಿ ಓಡಾಡುವುದು ದೊಡ್ಡ ಅಪಾಯವೇನಲ್ಲ, ಬಿಸಿ ಸೋಪುನೀರಲ್ಲಿ ನೆನೆಸಿ ನಿಧಾನ ಬಿಡಿಸಿಕೊಳ್ಳಬಹುದು. ನಿಜವಾದ ಅಪಾಯ ಬಟ್ಟೆಯಲ್ಲಿದೆ. ಹತ್ತಿಯ ಮೇಲೆ ಈ ಗೋಂದು ಚೆಲ್ಲಿದರೆ ಎರಡೂ ಸೇರಿ ಜೋರಾಗಿ ಬಿಸಿಯೇರುತ್ತವೆ, ಕೈ ಸುಡುವಷ್ಟು, ಕೆಲವೊಮ್ಮೆ ಹೊಗೆಯಾಡುವಷ್ಟು. ಚೆಲ್ಲಿದ್ದನ್ನು ಹತ್ತಿಯುಂಡೆಯಲ್ಲಿ ಒರೆಸಲು ಹೋಗುವವರಿಗೆ ಇದು ತಡವಾಗಿ ಗೊತ್ತಾಗುತ್ತದೆ. ಹಾಸಿಗೆ ದಿಂಬಿನ ಹತ್ತಿರಕ್ಕೆ ಆ ಟ್ಯೂಬನ್ನು ಸುಳಿಯಲೂ ಬಿಡಬೇಡಿ.

ಡ್ರಾಯರ್ ಇರುವ ಬೀರು ಮಾಡುವವರ ಪಾಡು ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತೆ. ಬಣ್ಣ ಬಳಿಯುವ ಮೊದಲು ಸಲೀಸಾಗಿ ಜಾರುತ್ತಿದ್ದ ಡ್ರಾಯರ್ ಮೂರು ಕೋಟು ಬಳಿದ ಮೇಲೆ ಬಾಯಿ ಬಿಡುವುದಿಲ್ಲ. ಎರಡೂ ಪಕ್ಕ, ಕೆಳಗೆ, ಗೂಡಿನ ಒಳಗೋಡೆ ಹೀಗೆ ಎಲ್ಲಾ ಕಡೆ ಬಣ್ಣದ ಪದರ ಸೇರಿ ಇದ್ದ ಸಂದನ್ನು ತಿಂದುಹಾಕಿರುತ್ತವೆ. ಪ್ರತಿ ಬದಿಗೂ ಅರ್ಧ ಮಿಲಿಮೀಟರ್ ಸಂದು ಬಿಡಿ, ಡ್ರಾಯರಿನ ಮುಖಕ್ಕೆ ಮಾತ್ರ ಬಣ್ಣ ಬಳಿಯಿರಿ, ಪಕ್ಕಗಳಿಗೆ ಮೇಣದ ಬತ್ತಿ ಉಜ್ಜಿ.

ಇನ್ನು ಬಟ್ಟೆ. ಮರ ಹಟಮಾರಿಯಾದರೂ ಹೇಳಿದ ಮಾತು ಕೇಳುತ್ತದೆ. ಬಟ್ಟೆ ಮೆತ್ತಗಿದ್ದುಕೊಂಡೇ ಮಾತು ಮೀರುತ್ತದೆ. ಅದನ್ನು 12ರಲ್ಲಿ ಒಂದು ಪಾಲಿಗೆ ಕತ್ತರಿಸಬಹುದು, ಅದರ ನೂಲು ತೆಳ್ಳಗಾಗುವುದಿಲ್ಲ. ನಮ್ಮ ಮಂಚದ ಹೊದಿಕೆ ತನ್ನ ಭಾರಕ್ಕೆ ತಾನೇ ಜೋತುಬಿದ್ದು ನೆರಿಗೆಯಾಗುತ್ತದೆ. ಗೊಂಬೆಯ ಹೊದಿಕೆಯಲ್ಲಿ ಮಂಚದ ಅಂಚಿನಿಂದ ಕೆಳಗಿಳಿಯುವುದು ಒಂದೂವರೆ ಇಂಚು ಬಟ್ಟೆ. ಬಾಗುವಷ್ಟು ಭಾರ ಅದಕ್ಕಿಲ್ಲ, ಸೆಟೆದು ನಿಲ್ಲುವ ಬಿಗಿ ಮಾತ್ರ ಹಾಗೇ ಇದೆ. ಫಲವಾಗಿ ಮಂಚ ಕೊಡೆ ಬಿಚ್ಚಿಕೊಂಡು ನಿಂತಂತೆ ಕಾಣುತ್ತದೆ. ತೊಳೆದು ತೊಳೆದು ಜೀವ ಹೋದ ಹಳೇ ಕರ್ಚೀಫಿಗೆ ಈ ಲೋಕದಲ್ಲಿ ಹೊಸ ಬಟ್ಟೆಗಿಂತ ಹೆಚ್ಚು ಮರ್ಯಾದೆ. ಅದೂ ಬಗ್ಗದಿದ್ದರೆ ಒಂದು ಪಾಲು ಬಿಳಿ ಗೋಂದಿಗೆ ಮೂರ್ನಾಲ್ಕು ಪಾಲು ನೀರು ಬೆರೆಸಿ, ಹೊದಿಕೆಯನ್ನು ಅದ್ದಿ ಹಿಂಡಿ, ಮಂಚದ ಮೇಲೆ ಹಾಸಿ, ಬೇಕಾದಲ್ಲಿ ನೆರಿಗೆ ಹಿಡಿದು ಗುಂಡುಪಿನ್ನು ಚುಚ್ಚಿ ಒಂದು ರಾತ್ರಿ ಒಣಗಲು ಬಿಡಿ. ಹಾಸುವ ಮೊದಲು ಮಂಚಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು ಮರೆತರೆ ಬೆಳಗಾಗುವಷ್ಟರಲ್ಲಿ ಹೊದಿಕೆ, ಹಾಸಿಗೆ, ಮಂಚ ಮತ್ತು ನಿಮ್ಮ ಕೆಲಸದ ಮೇಜು ನಾಲ್ಕೂ ಅವಿಭಕ್ತ ಕುಟುಂಬವಾಗಿರುತ್ತವೆ.

ಪರದೆಗೂ ಇದೇ ಉಪಾಯ. ಕಿಟಕಿ 100 ಮಿಲಿಮೀಟರ್ ಅಗಲವಿದ್ದರೆ ಬಟ್ಟೆ 250ರಿಂದ 300 ಬೇಕು. ಅಂಚನ್ನು ಹೊಲಿಯದೆ ಇಸ್ತ್ರಿಪೆಟ್ಟಿಗೆಯಿಂದ ಅಂಟುವ ಟೇಪು ಹಾಕಿ ಮಡಿಚಿ. ಥರ್ಮೋಕೋಲ್ ಹಲಗೆಗೆ ಪ್ಲಾಸ್ಟಿಕ್ ಸುತ್ತಿ, ಐದೈದು ಮಿಲಿಮೀಟರಿಗೆ ಒಂದು ನೆರಿಗೆ ಹಿಡಿದು, ಮೇಲೂ ಕೆಳಗೂ ಪಿನ್ನು ಚುಚ್ಚಿ, ಗಂಜಿನೀರು ಸಿಂಪಡಿಸಿ ಒಣಗಿಸಿ. ಪಿನ್ನು ತುಕ್ಕು ಹಿಡಿಯದ ಸ್ಟೀಲಿನದ್ದೇ ಇರಲಿ. ಇಲ್ಲದಿದ್ದರೆ ಬಿಳಿ ಪರದೆಯ ಅಂಚಿನುದ್ದಕ್ಕೂ ಕಂದು ಚುಕ್ಕೆಗಳ ಸಾಲು ಮೂಡುತ್ತದೆ. ಅದನ್ನು ವಿನ್ಯಾಸ ಎಂದು ಸಾಧಿಸುವ ಧೈರ್ಯವಿದ್ದವರು ಯಾವ ಪಿನ್ನನ್ನಾದರೂ ಬಳಸಬಹುದು.

ದಿಂಬು ನೋಡಲು ಪಾಪದ ಪ್ರಾಣಿ, ಮಾಡಲು ಕೂತವರಿಗೆ ಗೊತ್ತು. 27 ಇಂಚಿಗೆ 18 ಇಂಚಿನ ದಿಂಬು ಇಲ್ಲಿ 57ಕ್ಕೆ 38 ಮಿಲಿಮೀಟರ್. ಹೊಲಿಗೆಗೆ ಸುತ್ತ ಐದೈದು ಬಿಟ್ಟು 67ಕ್ಕೆ 48ರಂತೆ ಎರಡು ತುಂಡು ಕತ್ತರಿಸಬೇಕು. ಕತ್ತರಿ ತಾಗಿದ ಕ್ಷಣದಿಂದ ಬಟ್ಟೆಯ ಅಂಚು ನೂಲು ಬಿಡಲು ಶುರುಮಾಡುತ್ತದೆ, ಐದು ಮಿಲಿಮೀಟರಿನಲ್ಲಿ ಎರಡು ಅಲ್ಲೇ ಸ್ವಾಹಾ. ಕತ್ತರಿಸುವ ಮುಂಚೆಯೇ ಗೆರೆಯ ಮೇಲೆ ತೆಳುವಾಗಿ ಗೋಂದು ಸವರಿ ಒಣಗಿಸಿದರೆ ನೂಲು ತೆಪ್ಪಗಿರುತ್ತದೆ. ಹೊಲಿಗೆ ಒಂದು ಮಿಲಿಮೀಟರಿಗಿಂತ ಉದ್ದವಾಗದಿರಲಿ. ಮೂರು ಮಿಲಿಮೀಟರಿನ ಹೊಲಿಗೆ ಅಂದರೆ ಗೊಂಬೆಯ ಲೆಕ್ಕದಲ್ಲಿ ಸುಮಾರು ಒಂದೂವರೆ ಇಂಚು, ಗೋಣಿಚೀಲದ ಬಾಯಿ ಹೊಲಿಯುವ ಅಳತೆ ಅದು. ಒಂದು ಬದಿಯಲ್ಲಿ 15 ಮಿಲಿಮೀಟರ್ ಬಾಯಿ ಬಿಟ್ಟು, ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಒಳಹೊರಗು ಮಾಡಬೇಕು. ಮೂಲೆ ಕತ್ತರಿಸದಿದ್ದರೆ ಮಡಿಕೆ ಗಂಟುಕಟ್ಟಿ ದಿಂಬಿಗೆ ನಾಯಿಮರಿಯ ಕಿವಿ ಬರುತ್ತವೆ. ಮೂಲೆ ಚೂಪಾಗಲೆಂದು ಪೆನ್ಸಿಲ್ ತೂರಿಸಿದರೆ ಪೆನ್ಸಿಲ್ ಆಚೆ ಬರುತ್ತದೆ. ಮೊಂಡು ಕಡ್ಡಿ ಸಾಕು.

ಆಮೇಲೆ ಹತ್ತಿ ತುಂಬುತ್ತಾರೆ, ಅಲ್ಲಿಗೆ ದಿಂಬಿಗೆ ಬೊಜ್ಜು ಬರುತ್ತದೆ. ಗೊಂಬೆಯ ತಲೆಗೆ ಹತ್ತಿಯನ್ನು ಅದುಮುವ ಭಾರವಿಲ್ಲ. ಅವಳು ಮಲಗಿದರೆ ತಲೆ ಜಾರಿ ನೆಲ ಸೇರುತ್ತದೆ, ದಿಂಬು ಉಬ್ಬಿದ ಹೊಟ್ಟೆಯಲ್ಲೇ ಉಳಿಯುತ್ತದೆ. ಅನುಭವಸ್ಥರು ಹತ್ತಿಯ ಬದಲು ಒಣಗಿದ ನಯವಾದ ಮರಳನ್ನು ಮುಕ್ಕಾಲಿಗಿಂತ ಕಡಿಮೆ ತುಂಬುತ್ತಾರೆ. ಬೆರಳಲ್ಲಿ ಒತ್ತಿದರೆ ತಗ್ಗು ಹಾಗೇ ಉಳಿಯುತ್ತದೆ, ಯಾರೋ ಈಗಷ್ಟೇ ಎದ್ದುಹೋದಂತೆ. ನನ್ನ ಮಟ್ಟಿಗೆ ಇಡೀ ಗೊಂಬೆಮನೆಯಲ್ಲಿ ಇದಕ್ಕಿಂತ ಚಂದದ ಮೋಸ ಇನ್ನೊಂದಿಲ್ಲ. ಮರಳಿಗೆ ಒತ್ತು ನೇಯ್ಗೆಯ ಒಳಚೀಲ ಮಾತ್ರ ಬೇಕೇಬೇಕು. ಇಲ್ಲವಾದರೆ ಮನೆಯವರೆಲ್ಲ ಸಮುದ್ರ ತೀರದಿಂದ ಕಾಲು ತೊಳೆಯದೆ ಬಂದು ಮಲಗಿದ ಹಾಗಿರುತ್ತದೆ.

ಸೋಫಾ ಮಾಡುವವರ ಮೊದಲ ಆಸೆ ವೆಲ್ವೆಟ್ಟು. ಎರಡು ಮಿಲಿಮೀಟರ್ ಉದ್ದದ ಅದರ ಜುಂಗು ಅಲ್ಲಿ ಒಂದು ಇಂಚಿನ ರೋಮ. ಗೊಂಬೆ ಕೂತಿದ್ದು ಸೋಫಾದ ಮೇಲೋ ಕರಡಿಯ ಮೇಲೋ ಎಂದು ಹೇಳುವುದು ಕಷ್ಟ. ಎರಡನೇ ಆಸೆ ಹೂವಿನ ಬಟ್ಟೆ. ಒಂದು ಇಂಚಿನ ಗುಲಾಬಿ ಒಂದಡಿಯ ಗುಲಾಬಿಯಾಗಿ, ಮೂರು ಹೂವಿಗೆ ಸೋಫಾ ಮುಗಿದುಹೋಗುತ್ತದೆ. ಇನ್ನೂ ಒಂದು ತಕರಾರಿದೆ: ರಟ್ಟನ್ನು ಕರಾರುವಾಕ್ಕಾಗಿ ಕತ್ತರಿಸಿ, ಸ್ಪಂಜು ಅಂಟಿಸಿ, ಬಟ್ಟೆ ಹೊದಿಸಿದ ಮೇಲೆ ಸೀಟು ಎರಡು ಕೈಗಳ ನಡುವೆ ಕೂರುವುದಿಲ್ಲ. ಸೀಟಿನ ಎರಡು ಪಕ್ಕದ ಬಟ್ಟೆ, ಕೈಗಳ ಒಳಬದಿಯ ಬಟ್ಟೆ, ಎಲ್ಲದರ ದಪ್ಪ ಸೇರಿ ಎರಡು ಮಿಲಿಮೀಟರ್ ಹೆಚ್ಚಾಗಿರುತ್ತದೆ. ರಟ್ಟನ್ನು ಮೊದಲೇ ಅಷ್ಟು ಕಡಿಮೆ ಮಾಡಿ. ಗೋಂದನ್ನು ಬಟ್ಟೆಗಲ್ಲ, ರಟ್ಟಿಗೆ ತೆಳುವಾಗಿ ಎಳೆದು, ಬೆರಳಿಗೆ ಅಂಟಂಟಾಗುವವರೆಗೆ ಕಾದು ಬಟ್ಟೆ ಹಾಸಿ. ಹಸಿ ಗೋಂದು ಬಟ್ಟೆಯನ್ನು ದಾಟಿ ಮೇಲೆ ಬಂದರೆ ಆ ಕಲೆ ಜನ್ಮಕ್ಕೂ ಹೋಗದು.

ಕಸೂತಿಯ ಜಮಖಾನೆಗೆ ಕೈ ಹಾಕುವ ಮುನ್ನ ಒಂದು ಗುಣಾಕಾರ ಮಾಡಿಕೊಳ್ಳುವುದು ಒಳ್ಳೆಯದು. ಇಂಚಿಗೆ 18 ಕಣ್ಣಿನ ಕ್ಯಾನ್ವಾಸಿನಲ್ಲಿ ಐದಕ್ಕೆ ಏಳಿಂಚಿನ ಜಮಖಾನೆ ಅಂದರೆ 90 ಗುಣಿಸು 126, ಒಟ್ಟು 11,340 ಹೊಲಿಗೆ. ಪ್ರತಿ ಹೊಲಿಗೆಯೂ ಒಂದೇ ದಿಕ್ಕಿಗೆ ಓರೆಯಾಗಿ ಎಳೆಯುವುದರಿಂದ, ಆಯತವಾಗಿ ಶುರುವಾದದ್ದು ಮುಗಿಯುವಾಗ ರೇಖಾಗಣಿತದ ಸಮಾಂತರ ಚತುರ್ಭುಜವಾಗಿರುತ್ತದೆ. ಗಾಬರಿ ಬೇಡ. ಗ್ರಾಫ್ ಹಾಳೆಯನ್ನು ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಹೊದಿಸಿ, ಜಮಖಾನೆಯನ್ನು ತೇವ ಮಾಡಿ, ಮೂಲೆಗಳನ್ನು ಗೆರೆಗೆ ಸರಿಯಾಗಿ ಜಗ್ಗಿ, ಸುತ್ತ ಪಿನ್ನು ಹೊಡೆದು ಪೂರ್ತಿ ಒಣಗಿಸಿ. ದಾರ ಬಣ್ಣ ಬಿಡುತ್ತದೋ ಎಂದು ಮೊದಲು ಒಂದು ಎಳೆಯನ್ನು ನೀರಲ್ಲಿ ಅದ್ದಿ ನೋಡಿ, 11,340ನೇ ಹೊಲಿಗೆಯ ನಂತರ ಅಲ್ಲ.

ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರ ನಡುವೆ ವಾಸ್ತುಶಿಲ್ಪಿ ಲುಟಿಯನ್ಸ್ ವಿನ್ಯಾಸದಲ್ಲಿ ಕಟ್ಟಿದ ಗೊಂಬೆಮನೆ ಈಗಲೂ ವಿಂಡ್ಸರ್ ಕೋಟೆಯಲ್ಲಿದೆ. ಅಳತೆ ಇದೇ, ಅಡಿಗೆ ಇಂಚು. ಅದರ ನಲ್ಲಿಗಳಿಗೂ ನೀರಿನ ವ್ಯವಸ್ಥೆಯಿದೆ. ಆದರೆ ಅಲ್ಲಿ ಒಂದೊಂದು ಸಾಮಾನಿಗೂ ಆಯಾ ಕಸುಬಿನ ನಿಪುಣರಿದ್ದರು. ಇಲ್ಲಿರುವುದು ಒಂದೇ ಕತ್ತರಿ, ಅದರಲ್ಲೂ ಮನೆಯಲ್ಲಿ ಯಾರೋ ಉಪ್ಪುಕಾಗದ ಕತ್ತರಿಸಿಟ್ಟಿದ್ದಾರೆ.

ಎಲ್ಲಾ ಮುಗಿಸಿ ಕೊನೆಗೆ ಗೊಂಬೆಯನ್ನು ಒಳಗೆ ಕರೆತರುತ್ತಾರೆ. ಅಳೆಯಬೇಕಾಗಿದ್ದದ್ದು ಮೊದಲು ಅವಳನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬಾಗುವ ಕಾಲಿದ್ದವರಿಗೆ; ಎರಕದ ಕಾಲಿನ ಗೊಂಬೆಗೆ ಕಾಲು ಚಾಚುವುದೊಂದೇ ಗೊತ್ತು. ಮೊಣಕಾಲು ಮಡಿಯದವಳಿಗೆ 38 ಮಿಲಿಮೀಟರಿನ ಕುರ್ಚಿ ಎಷ್ಟು ಕರಾರುವಾಕ್ಕಾಗಿದ್ದರೂ ಅಷ್ಟೇ. ಬೆನ್ನಿಗೆ ಒಂದು ಚಿಟಿಕೆ ಅಂಟುಮೇಣ ಹಚ್ಚಿ ಗೋಡೆಗೆ ಒತ್ತಿದರೆ ಬೀಳದೆ ನಿಲ್ಲುತ್ತಾಳೆ. ಕೂರಲು ಸೋಫಾ, ಮಲಗಲು ಮಂಚ, ತಗ್ಗು ಬಿದ್ದ ದಿಂಬು, ಎಲ್ಲವನ್ನೂ ನಿಂತಲ್ಲಿಂದಲೇ ನೋಡುತ್ತಾ.