ಹದಿನಾಲ್ಕು ದಿನದ ನಿವಾಸಿಗಳು

ಆ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬೇಕು. ಕಲಬುರಗಿಯಲ್ಲಿ ಕುಂಚ ಹಿಡಿದವರು, ಹಿಡಿದಂತೆ ನಟಿಸಿದವರು, ಹಿಡಿದವರ ಪಕ್ಕದ ಮನೆಯವರು, ಎಲ್ಲರಿಗೂ ಬಂದಿದೆ. ಮೇಲೆ ಬೀದರ್ ಕೋಟೆಯ ಚಿತ್ರ, ನಡುವೆ ಹದಿನೆಂಟು ಸಾಲು ಇಂಗ್ಲಿಷು, ಕೊನೆಗೆ ದಾಕ್ಷಿಣ್ಯಕ್ಕೆಂಬಂತೆ ಒಂದು ಸಾಲು ಕನ್ನಡ: ‘ಅಂತರ್‌ಶಿಸ್ತೀಯ ಸೃಜನಕರ್ತರಿಗಾಗಿ ಹದಿನಾಲ್ಕು ದಿನಗಳ ಕಲಾ ರೆಸಿಡೆನ್ಸಿ.’

ಶಿಸ್ತು ಎಂದರೆ ನನಗೆ ಗೊತ್ತು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿ ಅದು ಬೇವಿನ ಬರಲಿನ ರೂಪದಲ್ಲಿ ಇರುತ್ತಿತ್ತು. ಅಂತರ್‌ಶಿಸ್ತು ಎಂದರೇನೆಂದು ಮಾತ್ರ ಹೊಳೆಯಲಿಲ್ಲ. ಹಲವು ವಿದ್ಯೆಗಳ ನಡುವೆ ಓಡಾಡುವುದಂತೆ. ಆಗ ಅದೇ ಮೇಷ್ಟ್ರು ನೆನಪಾದರು. ಬೆಳಿಗ್ಗೆ ಆಟದ ಪೀರಿಯಡ್ಡು, ಹನ್ನೊಂದಕ್ಕೆ ಗಣಿತ ಮೇಷ್ಟ್ರು ರಜೆ ಹಾಕಿದರೆ ಗಣಿತ, ಸಂಜೆ ಒಂದಿಷ್ಟು ಸಮಯ ಮಿಕ್ಕರೆ ಹೂಜಿಯ ಚಿತ್ರ. ವರ್ಷದ ಮಧ್ಯೆ ಜನಗಣತಿ, ಚುನಾವಣೆ, ಸ್ವಾತಂತ್ರ್ಯ ದಿನಕ್ಕೆ ಗಾಂಧೀಜಿಯ ಕಟೌಟು. ಇಷ್ಟೊಂದು ಶಿಸ್ತುಗಳ ನಡುವೆ ಓಡಾಡಿದ ಇನ್ನೊಬ್ಬ ಸೃಜನಕರ್ತನನ್ನು ನಾನು ಕಂಡಿಲ್ಲ. ಯಾವ ಊರಿನವರೂ ಅವರನ್ನು ಎರಡು ವಾರ ಕೂರಿಸಿ ಊಟ ಹಾಕಲಿಲ್ಲ.

ಇನ್ನು ರೆಸಿಡೆನ್ಸಿ. ಕಲಾವಿದರನ್ನು ಕೆಲವು ದಿನ ಒಂದು ಜಾಗದಲ್ಲಿ ಉಳಿಸಿಕೊಂಡು ಕೆಲಸ ಮಾಡಲು ಬಿಡುವ ಏರ್ಪಾಡಂತೆ. ನಮ್ಮ ಕಡೆ ಆ ಹೆಸರಿನ ಫಲಕ ಇರುವುದು ಬಸ್ ನಿಲ್ದಾಣದ ಎದುರಿನ ಲಾಡ್ಜುಗಳ ಮೇಲೆ. ಕೆಳಗೆ ಬಾರು, ಮೇಲೆ ಕೋಣೆ. ನನ್ನ ತಾತನಿಗೆ ರೆಸಿಡೆನ್ಸಿ ಎಂದರೆ ಹೈದರಾಬಾದಿನ ಕೋಠಿಯ ದೊಡ್ಡ ಕಂಬಗಳ ಬಂಗಲೆ. ನಿಜಾಮರ ಮೇಲೆ ಕಣ್ಣಿಡಲು ಕಂಪನಿ ಸರ್ಕಾರ ಕಳಿಸುತ್ತಿದ್ದ ಬಿಳಿ ಸಾಹೇಬರ ವಾಸ ಅಲ್ಲಿ. ನನ್ನ ಮಗಳಿಗೆ ಆ ಪದ ಕೇಳಿದರೆ 371(ಜೆ) ನೆನಪಾಗುತ್ತದೆ. ಸಂವಿಧಾನದ 98ನೇ ತಿದ್ದುಪಡಿಯಲ್ಲಿ ಬಂದ ಆ ವಿಧಿಯಿಂದ ಕಲ್ಯಾಣ ಕರ್ನಾಟಕದ ನಮಗೆ ಓದು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ನಿಜ. ಆದರೆ ನಾವು ಇಲ್ಲಿಯವರೇ ಎಂದು ಸಾಬೀತು ಮಾಡಬೇಕು. ಹತ್ತು ವರ್ಷ ಇಲ್ಲಿ ವಾಸವಿದ್ದ ದಾಖಲೆ, ಅಪ್ಪನ ಶಾಲೆಯ ಟಿ.ಸಿ., ಪಡಿತರ ಚೀಟಿ, ಪಹಣಿ, ಅದರ ಮೇಲೆ ಒಂದು ವರದಿ. ಮಗಳ ಫೈಲು ಎರಡು ಸಲ ವಾಪಸು ಬಂತು. ಯಾವ ಕಚೇರಿಯೆಂದು ಕೇಳಬೇಡಿ. ಕಾರಣ, ತಾತನ ಹೆಸರಿನ ಕೊನೆಯಲ್ಲಿ ಒಂದು ಕಾಗದದಲ್ಲಿ ‘ಅಪ್ಪ’ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಮೂರು ತಲೆಮಾರು ಇಲ್ಲಿನ ಬಿಸಿಲಿನಲ್ಲಿ ಒಣಗಿದ ಕುಟುಂಬ ಒಂದು ‘ಅಪ್ಪ’ನಿಲ್ಲದೆ ಪರದೇಶಿಯಾಯಿತು. ಅದೇ ಹೊತ್ತಿಗೆ ಮುಂಬೈಯಿಂದ ವಿಮಾನದಲ್ಲಿ ಹೈದರಾಬಾದಿಗೆ, ಅಲ್ಲಿಂದ ಕಾರಿನಲ್ಲಿ ಬೀದರಿಗೆ ಬಂದವರು ಹದಿನಾಲ್ಕೇ ದಿನದಲ್ಲಿ ನಿವಾಸಿಗಳು! ವರದಿಯಿಲ್ಲ, ಪಹಣಿಯಿಲ್ಲ.

ರೆಸಿಡೆನ್ಸಿಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ದೊರೆಗಳು 1666ರಷ್ಟು ಹಿಂದೆಯೇ ರೋಮ್‌ನಲ್ಲಿ ಅಕಾಡೆಮಿ ತೆರೆದು ತಮ್ಮ ಕಲಾವಿದರನ್ನು ಕಳಿಸಿಕೊಟ್ಟವರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಲ್ಲಿ ಆರಂಭವಾದ ಮ್ಯಾಕ್‌ಡೊವೆಲ್ ಎಂಬ ಜಾಗವಿದೆ. ಕಾಡಿನ ನಡುವೆ ಬಿಡಿಬಿಡಿ ಗುಡಿಸಲು, ಕಲಾವಿದ ಒಳಗೆ ಕೂತಿರುತ್ತಾನೆ, ಮಧ್ಯಾಹ್ನ ಯಾರೋ ಸದ್ದಿಲ್ಲದೆ ಬಂದು ಬಾಗಿಲಲ್ಲಿ ಊಟದ ಬುಟ್ಟಿ ಇಟ್ಟು ಹೋಗುತ್ತಾರೆ. ಇದನ್ನು ಓದಿದ ದಿನ ನನಗೆ ಕಣ್ಣೀರು ಬರುವುದೊಂದು ಬಾಕಿ. ಬಾಗಿಲ ಬಳಿ ಬುಟ್ಟಿ! ಒಳಗೆ ಎರಡು ಖಡಕ್ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ‘ಗ್ಯಾಸ್ ಮುಗಿದಿದೆ, ತರುವುದಿಲ್ಲವೇ’ ಎಂದು ಕೂಗುವವರಿಲ್ಲ. ಹಾಗೆ ಇಟ್ಟರೆ ನಾನೂ ಮಹಾಕಾವ್ಯ ಬರೆದೇನು. ನಮ್ಮವರು ಮಾತ್ರ ಅಲ್ಲಿಂದ ಗುಡಿಸಲಿನ ಫೋಟೋ ತಂದರು, ಬುಟ್ಟಿಯನ್ನು ಅಲ್ಲೇ ಬಿಟ್ಟುಬಂದರು. ಜಾಹೀರಾತಿನ ಸಣ್ಣಕ್ಷರ ಓದಿದ್ದೀರಾ? ಅರ್ಜಿಗೆ ಶುಲ್ಕ, ಆಯ್ಕೆಯಾದರೆ ವಾಸಕ್ಕೆ ಶುಲ್ಕ, ಊಟ ಅವರವರದು.

ದಿನಾಂಕ ನೋಡಿ: ಡಿಸೆಂಬರ್. ಈ ‘ಸ್ಥಳದೊಂದಿಗೆ ಸಂವಾದ’ ಮಾಡುವವರು ಯಾರೂ ಮೇ ತಿಂಗಳಲ್ಲಿ ಬರುವುದಿಲ್ಲ. ಕಲಬುರಗಿಯ 43 ಡಿಗ್ರಿಯಲ್ಲಿ ಸ್ಥಳವೇ ಮುಂದೆ ನಿಂತು ಸಂವಾದಕ್ಕೆ ಇಳಿಯುತ್ತದೆ, ಎದುರಿನವರ ಮಾತು ನಿಲ್ಲುತ್ತದೆ.

ಇಂಥ ನಿವಾಸಿಗಳನ್ನು ಕಂಡದ್ದು ನಮಗೆ ಹೊಸದಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲಿಗೆ ಹೋಗಿದ್ದೀರಲ್ಲ? ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದ ಆರಂಭದಲ್ಲಿ ಬಂದ. ಪುಟ್ಟ ರಾಜನ ಸಂಸ್ಥಾನ ನೋಡಿಕೊಳ್ಳಲು ಬಂದವನು ಕಾದಂಬರಿಕಾರ, ಚಿತ್ರಕಾರ, ಹಳೆಯ ಸಮಾಧಿಗಳನ್ನು ಅಗೆದು ಅಳೆದವನು, ಕಂದಾಯದ ಲೆಕ್ಕದವನು, ಎಲ್ಲವೂ ಆದ. ಅಂತರ್‌ಶಿಸ್ತೀಯ ಎಂಬ ಪದವನ್ನು ಅವನ ಅಳತೆಗೇ ಹೊಲಿದಂತಿದೆ. ಒಂದು ಮಾತು ಅವನ ಪರವಾಗಿ ಹೇಳಬೇಕು: ಹತ್ತು ವರ್ಷಕ್ಕೂ ಮಿಕ್ಕಿ ಇದ್ದ, ಜನರ ಭಾಷೆ ಕಲಿತ, ರಾಜಕುಮಾರ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. (ಮಗಳ ಫೈಲಿಗೆ ಆ ಅಪ್ಪನನ್ನಾದರೂ ಸೇರಿಸಬಹುದಿತ್ತು.) ಅವನ ನೆನಪುಗಳು ಪುಸ್ತಕವಾಗಿ ಬ್ರಿಟನ್ನಿನಲ್ಲಿ ಅಚ್ಚಾದವು. ಸುರಪುರಕ್ಕೆ ಏನಾಯಿತು? 1858ರ ದಂಗೆಯಲ್ಲಿ ಆ ಹುಡುಗ ರಾಜ ಸತ್ತ, ಎರಡು ವರ್ಷದಲ್ಲಿ ಇಂಗ್ಲಿಷರು ಸಂಸ್ಥಾನವನ್ನು ನಿಜಾಮರಿಗೆ ಉಡುಗೊರೆ ಕೊಟ್ಟರು. ಬಂಗಲೆ ಉಳಿಯಿತು. ನಿವಾಸಿ ಹೋದ ಮೇಲೆ ನಿವಾಸ ಉಳಿಯುತ್ತದೆ.

ವಿಷಯಕ್ಕೆ ಬರುತ್ತೇನೆ. ಬೀದರಿನಲ್ಲಿ ನನಗೆ ಪರಿಚಯದ ಒಬ್ಬ ಬಿದರಿ ಕೆಲಸಗಾರನಿದ್ದಾನೆ. ಅವನ ಮಗ ಈ ಜಾಹೀರಾತು ನೋಡಿ, ಇಂಗ್ಲಿಷ್ ಅರ್ಜಿ ತುಂಬಲು ಅಪ್ಪನನ್ನು ನನ್ನ ಮುಂದೆ ತಂದು ಕೂರಿಸಿದ. ಮೊದಲ ಪ್ರಶ್ನೆ: ನಿಮ್ಮ ಶಿಸ್ತು ಯಾವುದು? ಒಂದನ್ನು ಮಾತ್ರ ಆರಿಸಿ. ಹಲವು ಶಿಸ್ತಿನವರು ಬೇಕು ಎಂದವರ ಅರ್ಜಿಯಲ್ಲಿ ಒಂದೇ ಗುರುತಿಗೆ ಜಾಗ. ನೀನು ಮಾಡುವುದೇನು ಎಂದು ಕೇಳಿದೆ. ಸತು ಹದಿನಾರು ಪಾಲಿಗೆ ತಾಮ್ರ ಒಂದು ಪಾಲು ಸೇರಿಸಿ ಕರಗಿಸುತ್ತೇನೆ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತೇನೆ, ಅರದಿಂದ ಉಜ್ಜುತ್ತೇನೆ, ಮೈಲುತುತ್ತ ಬಳಿದು ಕಪ್ಪು ಮಾಡಿಕೊಂಡು ಅದರ ಮೇಲೆ ಕೈಯಿಂದಲೇ ಬಳ್ಳಿ ಬರೆಯುತ್ತೇನೆ, ಕೆತ್ತುತ್ತೇನೆ, ಬೆಳ್ಳಿ ತಂತಿ ಕೂರಿಸುತ್ತೇನೆ, ಕೊನೆಗೆ ಕೋಟೆ ಮಣ್ಣಿಗೆ ನವಸಾಗರ ಕಲಸಿ ಬಿಸಿ ಲೋಹಕ್ಕೆ ತಿಕ್ಕುತ್ತೇನೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಾನು ‘ಇತರೆ’ ಎಂದು ಗುರುತು ಹಾಕಿದೆ.

ನಿಮ್ಮ ‘ಪ್ರಾಕ್ಟೀಸ್’ ಬಗ್ಗೆ ಐನೂರು ಪದಗಳಲ್ಲಿ ಬರೆಯಿರಿ.

‘ಪ್ರಾಕ್ಟೀಸ್ ಮುಗಿದು ಮೂವತ್ತು ವರ್ಷವಾಯಿತು ಸಾಹೇಬರೇ. ಈಗ ಕೆಲಸ ಮಾಡುತ್ತಿದ್ದೇನೆ.’

ನಿಮ್ಮನ್ನು ಕಾಡುವ ಪ್ರಶ್ನೆಗಳು ಯಾವುವು?

‘ಬೆಳ್ಳಿ ಇವತ್ತು ಕಿಲೋಗೆ ಎಷ್ಟು?’

ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹಿಗ್ಗಿಸಿದೆ. ಲೋಹ, ನೆನಪು, ಕತ್ತಲೆ ಎಂಬ ಪದಗಳನ್ನು ಅಲ್ಲಲ್ಲಿ ಉದುರಿಸಿದೆ. ಮಗ ಶುಲ್ಕ ಕಟ್ಟಿದ. ಮೂರು ವಾರಕ್ಕೆ ಉತ್ತರ ಬಂತು: ಕೆಲಸ ಅದ್ಭುತವಾಗಿದೆ, ಆದರೆ ಸಾಕಷ್ಟು ಸಮಕಾಲೀನವಲ್ಲ. ಸಮಕಾಲೀನ ಎಂದರೇನು ಎಂದ. ಈ ಕಾಲದವರು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಾನು ಯಾವ ಕಾಲದವನು?’ ಎಂದು ಕೇಳಿದ. ನಾನು ಚಹಾ ತರಿಸಿದೆ.

ಡಿಸೆಂಬರಿನಲ್ಲಿ ಅವರಿಂದಲೇ ಫೋನು ಬಂತು. ಕಲಾವಿದನಾಗಿ ಬೇಡ, ಆದರೆ ‘ಸಮುದಾಯ’ವಾಗಿ ಬಂದರೆ ಸಂತೋಷ. ಆಯ್ಕೆಯಾದ ಕಲಾವಿದೆಯೊಬ್ಬರು ಮಣ್ಣಿನ ಧ್ವನಿಯ ಮೇಲೆ ಕೆಲಸ ಮಾಡುತ್ತಿದ್ದಾರಂತೆ. ಅವತ್ತು ನಾನೂ ಕೋಟೆಗೆ ಹೋದೆ. ಬಿಸಿಲು ಮಳೆ ತಾಗದ ಹಳೆಯ ಗೋಡೆಯ ಮೂಲೆಯಲ್ಲಿ ಮೈಕು ಇಟ್ಟು, ಕಿವಿಗೆ ದೊಡ್ಡ ಬಟ್ಟಲುಗಳನ್ನು ಹಾಕಿಕೊಂಡು ಅವರು ಕಣ್ಣು ಮುಚ್ಚಿ ಕೂತಿದ್ದರು. ಅರ್ಧ ತಾಸು ಮಣ್ಣು ಏನೂ ಹೇಳಲಿಲ್ಲ. ಇವನು ಬಂದವನೇ ಬಗ್ಗಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡ, ಪಕ್ಕಕ್ಕೆ ಉಗುಳಿದ. ‘ಇದು ಬರುವುದಿಲ್ಲ. ಆಚೆಯದು.’ ಬಿದರಿಯವರು ಮಣ್ಣು ನೋಡುವುದೇ ಹಾಗೆ. ಕಲಾವಿದೆಗೆ ರೋಮಾಂಚನವಾಯಿತು. ಕ್ಯಾಮೆರಾದ ಹುಡುಗ, ಬೆಳಕು ಸರಿಯಿರಲಿಲ್ಲ, ಇನ್ನೊಮ್ಮೆ ಎಂದ. ಆಮೇಲೆ ಈ ಕಡೆಯಿಂದ. ಆಮೇಲೆ ನಿಧಾನವಾಗಿ. ಐವತ್ತು ದಾಟಿದ ಮನುಷ್ಯ ಒಂದೇ ಜಾಗದ, ಕೆಲಸಕ್ಕೆ ಬಾರದ ಮಣ್ಣನ್ನು ಐದು ಸಲ ನೆಕ್ಕಿದ.

ನಗಿಸಬೇಕೆಂದು ಕೂತವನು ಇಲ್ಲಿ ಬಂದು ನಿಲ್ಲುತ್ತೇನೆ. ಆ ವಿಡಿಯೋ ಈಗ ಬಿಳಿ ಗೋಡೆಯ ಮೇಲೆ ಓಡುತ್ತದೆ. ಅದರ ಕೆಳಗಿನ ಚೀಟಿಯ ಫೋಟೋ ನೋಡಿದೆ: ‘ಸ್ಥಳೀಯ ಕುಶಲಕರ್ಮಿಯ ಸಹಕಾರದೊಂದಿಗೆ’. ಅವನಿಗೆ ಹೆಸರಿಲ್ಲವೇ? 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಕೊಡುವಾಗ ದೆಹಲಿಯ ಸರ್ಕಾರಕ್ಕೆ ಒಬ್ಬ ಬಿದರಿ ಕಲಾವಿದನ ಪೂರ್ತಿ ಹೆಸರು ಬರೆಯಲು ಬಂತು, ಈ ಸೂಕ್ಷ್ಮ ಮನಸ್ಸಿನವರಿಗೆ ಬರಲಿಲ್ಲ. ಕಲಾವಿದೆಯ ಮೇಲೆ ನನಗೆ ಸಿಟ್ಟಿಲ್ಲ, ಆಕೆಯೂ ಶುಲ್ಕ ಕಟ್ಟಿಯೇ ಬಂದವರು. ಸಿಟ್ಟು ಆ ಅರ್ಜಿಯ ಮೇಲೆ. ಎರಕ ಹೊಯ್ಯುವವನಿಗೆ ಅದರಲ್ಲಿ ಕಲಾವಿದನ ಸಾಲಿನಲ್ಲಿ ಜಾಗವಿಲ್ಲ, ಸಮುದಾಯದ ಸಾಲಿನಲ್ಲಿ ಬೇಕಾದಷ್ಟಿದೆ. ಅವನ ಮಗ ಈಗ ಹೈದರಾಬಾದಿನಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಾನೆ. ಅಂತೂ ಬಾಗಿಲಿಗೆ ಬುಟ್ಟಿ ಇಡುವವರು ನಮ್ಮಲ್ಲೂ ಇದ್ದಾರೆ.

ಜಾಹೀರಾತಿನಲ್ಲಿ ಬಸವಕಲ್ಯಾಣದ ಅನುಭವ ಮಂಟಪವನ್ನೂ ಎಳೆದು ತಂದಿದ್ದರು, ಜಗತ್ತಿನ ಮೊದಲ ರೆಸಿಡೆನ್ಸಿ ಎಂದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕ ನಿಲ್ಲಿಸದೆ ಹಗ್ಗಕ್ಕೆ ಹುಲ್ಲು ಹೊತ್ತು ನಡೆದ ಶರಣ ನುಲಿಯ ಚಂದಯ್ಯನ ಕತೆ ಅವರಿಗೆ ಗೊತ್ತಿದ್ದಂತಿಲ್ಲ. ಲಿಂಗದೇವನನ್ನೇ ಕಾಯಿಸಿದವನು ಇವರ ಐನೂರು ಪದ ಬರೆಯುತ್ತಾ ಕೂರುತ್ತಿದ್ದನೇ?

ಕಳೆದ ವಾರ ಬೀದರಿಗೆ ಹೋದಾಗ ಅವನು ಗೋಡೆಗೆ ಒರಗಿಸಿಟ್ಟಿದ್ದ ದಪ್ಪ ಕಾಗದವೊಂದನ್ನು ತಂದು ತೋರಿಸಿದ. ಪಾಲ್ಗೊಂಡ ಪ್ರಮಾಣಪತ್ರ, ಬಂಗಾರದ ಅಂಚು, ಕೋಟೆಯ ಚಿತ್ರ, ರೆಸಿಡೆನ್ಸಿ ಎಂಬ ದೊಡ್ಡ ಅಕ್ಷರ. ಕಿರಿಯ ಮಗಳಿಗೂ 371(ಜೆ) ಮಾಡಿಸಬೇಕಂತೆ, ಇದನ್ನು ಫೈಲಿಗೆ ಲಗತ್ತಿಸಿದರೆ ನಡೆಯುತ್ತದೆಯೇ ಎಂದು ಕೇಳಿದ. ಕನ್ನಡಕ ಹಾಕಿಕೊಂಡು ಓದಿದೆ. ಹೆಸರಿನ ಜಾಗದಲ್ಲಿ ಬರೀ ಚುಕ್ಕಿಗಳಿದ್ದವು. ಅದನ್ನು ನೀವೇ ಬರೆದುಕೊಳ್ಳಿ ಎಂದಿದ್ದರಂತೆ.